ಹತ್ತು ಮಂದಿ ಅನಾಮಿಕರು

ಹಾಜರಿ ಯಂತ್ರಕ್ಕೆ ಅವನ ಹೆಬ್ಬೆಟ್ಟು ಹಿಡಿಸಲಿಲ್ಲ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ದಾಖಲೆ ಬರೆದು ಬೆರಳು ಸವೆಸಿದ ಗುಮಾಸ್ತನನ್ನು ಅದು ಹದಿಮೂರು ದಿನ ಗೈರುಹಾಜರೆಂದು ಸಾರಿತು. ಹೆಡ್ ಕ್ಲರ್ಕ್ ಕುರ್ಚಿ ನಿನ್ನೆ ಮೊನ್ನೆ ಬಂದವನ ಪಾಲಾಯಿತು. ಅವನು ನಾಲ್ಕು ಪುಟದ ಅರ್ಜಿ ಬರೆದ. ಕುರ್ಚಿ ಮರಳಲಿಲ್ಲ. ಅಂದಿನಿಂದ ಅವನು ಸರ್ಕಾರಿ ಆದೇಶಗಳನ್ನು ಮನಸ್ಸಿಟ್ಟು ಓದತೊಡಗಿದ.

ಅವುಗಳಲ್ಲೊಂದು ಬಲು ಉದಾರವಾಗಿತ್ತು. ಅಪಘಾತದಲ್ಲಿ ಗಾಯಗೊಂಡು ಬಂದವರ ಮೊದಲ ಎರಡು ದಿನದ ಚಿಕಿತ್ಸೆ ಸರ್ಕಾರದ ಖರ್ಚು. ಹೆಸರು, ವಿಳಾಸವೆಂದು ಕಾಯಿಸಕೂಡದು. ಗುರುತು ಹೇಳಲಾಗದವನನ್ನು 'ಅನಾಮಿಕ' ಎಂದು ಬರೆದು, ಗಾಯವಾಗದ ಯಾವುದಾದರೂ ಒಂದು ಬೆರಳಿನ ಗುರುತು ಒತ್ತಿಸಿಕೊಂಡರಾಯಿತು.

ಅವನು ಅನಾಮಿಕರನ್ನು ಹಡೆಯತೊಡಗಿದ. ಕಾಲಿಡಲು ಜಾಗವಿಲ್ಲದಷ್ಟು ಗಾಯಾಳುಗಳು ಬಂದ ದಿನವೇ ಒಬ್ಬೊಬ್ಬನನ್ನು ಸೇರಿಸಿದ. ಅಂಥ ದಿನ ಡಾಕ್ಟರು ಕಂಡ ಕಾಗದಕ್ಕೆಲ್ಲ ಸಹಿ ಹಾಕುತ್ತಿದ್ದರು. ಔಷಧ ಭಾವಮೈದುನನ ಅಂಗಡಿಯಿಂದ, ಕಾಗದದ ಮೇಲೆ ಮಾತ್ರ, ಬಂತು. ಯಾರನ್ನೂ ಸಾಯಿಸಲಿಲ್ಲ, ಸತ್ತರೆ ಮರಣೋತ್ತರ ಪರೀಕ್ಷೆಯ ರಗಳೆ. ಎಲ್ಲರೂ ಎರಡನೆಯ ದಿನ ಚೇತರಿಸಿಕೊಂಡು, ಹೇಳದೆ ಕೇಳದೆ ಎದ್ದುಹೋದರು. ಒಬ್ಬನ ಬೆರಳು ಇನ್ನೊಬ್ಬನಿಗಿಲ್ಲ. ಉಂಗುರದ ಬೆರಳಿಗೆ ಸಂಸ್ಕೃತದಲ್ಲಿ ಅನಾಮಿಕೆ ಎನ್ನುತ್ತಾರೆಂದು ನೆನಪಾಗಿ, ನಾಲ್ಕನೆಯವನ ಗುರುತು ಒತ್ತುವಾಗ ಒಬ್ಬನೇ ನಕ್ಕ.

ಹತ್ತಕ್ಕೆ ನಿಲ್ಲಿಸಿದ. ದುರಾಸೆಯವನಲ್ಲ.

"ಇನ್ನೊಬ್ಬನ್ನ ಅಡ್ಮಿಟ್ ಮಾಡಿ ಭಾವ," ಎಂದು ಭಾವಮೈದುನ ಗೋಗರೆದ.

"ಬೆರಳು ಮುಗೀತಲ್ಲೋ."

"ಕಾಲಲ್ಲಿ ಇನ್ನೂ ಹತ್ತಿದಾವಲ್ಲ!"

"ಥೂ, ಅದಕ್ಕೂ ಒಂದು ಮರ್ಯಾದೆ ಬೇಡ್ವೇನೋ."

ಮೂರು ತಿಂಗಳ ಬಳಿಕ ಸೂಪರಿಂಟೆಂಡೆಂಟರು ಕರೆಸಿದರು. ಒಳಗೆ ಇನ್ಯಾರೋ ಇಬ್ಬರು ಕುಳಿತಿದ್ದರು.

"ಬನ್ರೀ. ಅನಾಮಿಕರ ಮನೆಯವರನ್ನ ಹುಡುಕಿಕೊಡೋಣ ಅಂತ ಸರ್ಕಾರದೋರು ಬೆರಳ ಗುರುತನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ರಂತೆ. ಬೇರೆ ಆಸ್ಪತ್ರೆಗಳಲ್ಲಿ ಒಬ್ಬಿಬ್ಬರು ಸಿಕ್ಕಿದ್ರೆ ಹೆಚ್ಚು. ನಮ್ಮಲ್ಲಿ ಹತ್ತಕ್ಕೆ ಹತ್ತೂ ಪತ್ತೆ ಕಣ್ರೀ! ಎಲ್ಲರದೂ ಒಂದೇ ಮನೆ."

ಅವನು ಹಳೆಯ ಅವಮಾನವನ್ನು ಒಂದು ದಿನವೂ ಮರೆತಿರಲಿಲ್ಲ. ಮರೆತದ್ದು ಅರ್ಜಿಯ ನಾಲ್ಕನೆಯ ಪುಟವನ್ನು. ಅದೀಗ ಮೇಜಿನ ಮೇಲಿತ್ತು, ಅವನದೇ ದುಂಡು ಅಕ್ಷರ: 'ಸವೆದ ಹೆಬ್ಬೆಟ್ಟೊಂದನ್ನೇ ನೆಚ್ಚದೆ, ಹಾಜರಿ ಯಂತ್ರದಲ್ಲಿ ನನ್ನ ಎರಡೂ ಕೈಗಳ ಹತ್ತೂ ಬೆರಳುಗಳನ್ನು ದಾಖಲಿಸಿಕೊಳ್ಳಬೇಕಾಗಿ ವಿನಂತಿ.' ಕೆಳಗೆ ಕೆಂಪು ಶಾಯಿಯಲ್ಲಿ 'ಒಪ್ಪಿದೆ. ಹತ್ತೂ ದಾಖಲಾಗಿವೆ' ಎಂದಿತ್ತು. ಬೂಟಿನೊಳಗೆ ಅವನ ಕಾಲ್ಬೆರಳುಗಳು ಮೆಲ್ಲಗೆ ಮುದುಡಿಕೊಂಡವು.