ಕಾಫಿ ಹೊತ್ತಿನ ಕರೆಗಳು

ಫೆಬ್ರವರಿ ಒಂಬತ್ತರ ಬೆಳಗ್ಗೆ ಸ್ವೀಡನ್ನಿನ ಊಮಿಯೊ ಪೊಲೀಸ್ ಠಾಣೆಯಲ್ಲಿ ಗುನ್ವೊರ್ ರಿಸ್ಲುಂಡ್ ಕೊಟ್ಟ ದೂರು ವಿಚಿತ್ರವಾಗಿತ್ತು. ಹಳೆಯ ಗಿರಾಕಿಯೊಬ್ಬರು ಅವರ ಹೀಟರ್ ರಿಪೇರಿ ಕಂಪನಿಯನ್ನು ಹೊಗಳಿಬಿಟ್ಟಿದ್ದರು!

“‘ನೀವು ಕಳಿಸಿದ ಹುಡುಗಿ ಬಂಗಾರದಂಥವಳು, ನಿಮಗೆ ಫೋನ್ ಮಾಡಿದ ಒಂದೇ ಗಂಟೇಲಿ ಬಂದು ಹೀಟರ್ ಸರಿ ಮಾಡಿದ್ಲು’ ಅಂದ್ರು. ಅಯ್ಯೋ, ನಮ್ಮಲ್ಲಿ ರಿಪೇರಿಗೆ ಹೋಗೋ ಹುಡುಗಿನೇ ಇಲ್ಲ ಕಣಮ್ಮ!”

ಇನ್‌ಸ್ಪೆಕ್ಟರ್ ಇಲ್ವಾ ನೇಸ್‌ಸ್ಟ್ರಮ್ ದೂರು ದಾಖಲಿಸಿಕೊಂಡಳು. “ವ್ಯಾಪಾರ ಹೇಗಿದೆ?”

“ಚಳಿಗಾಲದಲ್ಲಿ ಹೀಟರ್ ರಿಪೇರಿಯೋರಿಗೆ ಪುರುಸೊತ್ತೇ ಇರಬಾರದು. ನಮ್ಮ ಹುಡುಗರು ಕೈಕಟ್ಟಿ ಕೂತಿದ್ದಾರೆ. ಹೀಗೇ ಆದ್ರೆ ತಿಂಗಳ ಕೊನೆಗೆ ಇಬ್ಬರನ್ನ ಮನೆಗೆ ಕಳಿಸಬೇಕು. ಇಬ್ಬರಿಗೂ ಚಿಕ್ಕ ಮಕ್ಕಳು.” ಗುನ್ವೊರ್ ಕಣ್ಣೊರೆಸಿಕೊಂಡರು.

ಆ ಹುಡುಗಿಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಗಿರಾಕಿಯ ಹೀಟರಿನ ಮೇಲೆ ‘ಬೆಚ್ಚನೆ ಮನೆ’ ಎಂಬ ಚೀಟಿ ಅಂಟಿಸಿ ಹೋಗಿದ್ದಳು. ಹೆಸರು ತೂವಾ ಓಡೀನ್. ಹೋದ ವರ್ಷ ಮಾಲ್ಮೊದಿಂದ ಬಂದು ಒಬ್ಬಳೇ ಕೆಲಸ ಶುರುಮಾಡಿದವಳು. ಇಲ್ವಾ ಮತ್ತು ಕಾನ್‌ಸ್ಟೇಬಲ್ ತಾಗೆ ಹೋದಾಗ ಗ್ಯಾರೇಜಿನಲ್ಲಿ ಪೈಪು ಕೊಯ್ಯುತ್ತಿದ್ದಳು.

“ರಿಸ್ಲುಂಡ್ ಕಂಪನಿಯ ಗಿರಾಕಿಗಳು ನಿನಗೆ ಹೇಗೆ ಸಿಕ್ಕಿದರು?”

“ಯಾರ ಗಿರಾಕಿ? ಫೋನ್ ಬರುತ್ತೆ, ‘ಮನೆ ತಣ್ಣಗಾಗಿದೆ, ಬಾರಮ್ಮ’ ಅಂತಾರೆ, ಹೋಗ್ತೀನಿ. ಮೊದಲು ಒಂದು ಕರೆಗೂ ಗತಿಯಿರಲಿಲ್ಲ. ಈಗ ನನ್ನ ಹೆಸರು ಊರಲ್ಲಿ ಹಬ್ಬಿದೆ ಅಂದ್ಕೊಂಡಿದ್ದೆ.” ಅವಳ ಮುಖ ಬಾಡಿತು. “ಅದು ಸುಳ್ಳಾ?”

ಕಾರಿನಲ್ಲಿ ತಾಗೆ ಗೊಣಗಿದ. “ಇವಳೇ ಕಳ್ಳಿ. ನಟನೆ ನೋಡು.”

“ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಆಸಾಮಿ ನೀನು. ಆ ಕಂಪನಿಗೆ ಒಂದು ಫೋನ್ ಹಚ್ಚು.”

ತಾಗೆ ಹಚ್ಚಿದ. ಗುನ್ವೊರ್ ಅವರ ಕಚೇರಿಯಿಂದಲೇ ಉತ್ತರ ಬಂತು. ಇನ್ನೊಮ್ಮೆ, ಮತ್ತೊಮ್ಮೆ ಮಾಡಿದರೂ ಅಷ್ಟೇ. ಟೆಲಿಫೋನ್ ಕಂಪನಿಯವರೂ ತಂತಿಯಲ್ಲಿ ಯಾವ ದೋಷವೂ ಇಲ್ಲವೆಂದರು. ತನಿಖೆ ಅಲ್ಲಿಗೇ ನಿಂತಿತು.

ಮರುದಿನ ಬೆಳಗಿನ ಕಾಫಿಗೆ ಠಾಣೆಯವರೆಲ್ಲ ಅಡುಗೆಕೋಣೆಯಲ್ಲಿ ಸೇರಿದ್ದರು. ಯಾರದೋ ಮೇಜಿನ ಫೋನು ಬಡಿದುಕೊಳ್ಳುತ್ತಿತ್ತು. ಇಲ್ವಾ ತಲೆಯೆತ್ತಿದಳು. “ಯಾರೂ ಎತ್ತಲ್ವೇನ್ರೋ?”

“ಕಾಫಿ ಹೊತ್ತಲ್ಲಿ ಫೋನ್ ಎತ್ತೋಕೆ ಯಾರಿಗೆ ಹುಚ್ಚು? ಹೊರಗಿನವರ ತುರ್ತಿಗೆ ಬೇರೆ ನಂಬರ್ ಇದೆಯಲ್ಲ,” ಎಂದು ತಾಗೆ ನಕ್ಕ.

ಇಲ್ವಾ ಬಟ್ಟಲು ಕೆಳಗಿಟ್ಟು ರಿಸ್ಲುಂಡ್ ಕಂಪನಿಗೆ ಫೋನ್ ಮಾಡಿದಳು. ಎರಡು ರಿಂಗಿಗೇ ದನಿ ಬಂತು. “ಹಲೋ, ಹೀಟರ್ ರಿಪೇರಿ, ತೂವಾ ಮಾತಾಡ್ತಿರೋದು.”

ಹತ್ತೇ ನಿಮಿಷದಲ್ಲಿ ಇಲ್ವಾ, ತಾಗೆ ಇಬ್ಬರೂ ರಿಸ್ಲುಂಡ್ ಕಚೇರಿಯಲ್ಲಿದ್ದರು. ಅಲ್ಲಿಯವರ ಕಾಫಿ ಇನ್ನೂ ಮುಗಿದಿರಲಿಲ್ಲ. ಆರೂ ಮೇಜುಗಳು ಖಾಲಿ, ಆರೂ ಫೋನುಗಳಲ್ಲಿ ಕೆಂಪು ದೀಪ.

“ಇದೇನು ದೀಪ?”

“ಎದ್ದುಹೋಗುವಾಗ ಒತ್ತೋ ಬಟನ್ನು,” ಎಂದರು ಗುನ್ವೊರ್. “ಕರೆ ಬಂದ್ರೆ ಮೊದಲ ಮೇಜು, ಅಲ್ಲಿ ಎತ್ತದಿದ್ರೆ ಎರಡನೇದು, ಹಾಗೇ ಆರನೇವರೆಗೆ ಹುಡುಕ್ಕೊಂಡು ಹೋಗುತ್ತೆ. ಬಟನ್ ಒತ್ತಿದ್ರೆ ಆ ಮೇಜನ್ನ ಬಿಟ್ಟುಬಿಡುತ್ತೆ.”

“ಆರೂ ಜನ ಒತ್ತಿದ್ರೆ?”

“‘ಆಮೇಲೆ ಫೋನ್ ಮಾಡಿ’ ಅಂತ ಟೇಪು ಓಡುತ್ತೆ. ಹೆಚ್ಚೆಂದ್ರೆ ಕಾಲು ಗಂಟೆ.”

“ಕಾಫಿ ಹೊತ್ತು ಊರಿಗೆಲ್ಲ ಒಂದೇ. ಈಗ ಮುಕ್ಕಾಲು ಗಂಟೆ ಆಗ್ತಿದೆ. ರಾತ್ರಿ ಹೀಟರ್ ಕೆಟ್ಟವರೆಲ್ಲ ಫೋನ್ ಮಾಡೋ ಹೊತ್ತೂ ಇದೇ,” ಎಂದಳು ಇಲ್ವಾ.

ಅಡುಗೆಕೋಣೆಯಿಂದ ಯಾರೋ ಕೂಗಿದರು. “ಸ್ಟೆಲ್ಲನ್ ಏಲಕ್ಕಿ ಬನ್ ಮಾಡ್ಕೊಂಡು ಬರೋಕೆ ಶುರು ಮಾಡಿದ ಮೇಲೆ ಯಾರಿಗೆ ಏಳೋ ಮನಸ್ಸು ಬರುತ್ತೆ, ಹೇಳಿ! ಶರತ್ಕಾಲದಿಂದ ದಿನಾ ಹಬ್ಬ!”

ತಟ್ಟೆ ಹಿಡಿದು ನಿಂತಿದ್ದ ಸ್ಟೆಲ್ಲನ್ ಕ್ವಿಸ್ಟ್ ಕಂಪನಿಯ ಹಳೆಯ ಉದ್ಯೋಗಿ. ಫೋನ್ ವ್ಯವಸ್ಥೆಯ ಗುಪ್ತಪದ ಗುನ್ವೊರ್ ಬಿಟ್ಟರೆ ಅವನಿಗೆ ಮಾತ್ರ ಗೊತ್ತಿತ್ತು. ಗುನ್ವೊರ್ ಅದನ್ನು ಒಮ್ಮೆಯೂ ತೆರೆದು ನೋಡಿದವರಲ್ಲ.

“ಸ್ಟೆಲ್ಲನ್, ಆರನೇ ಮೇಜಿನ ಆಚೆ ಕರೆ ಎಲ್ಲಿಗೆ ಹೋಗುತ್ತೆ?” ಎಂದು ಇಲ್ವಾ ಕೇಳಿದಳು.

ಅವನು ತಟ್ಟೆಯನ್ನು ಮೇಜಿನ ಮೇಲಿಟ್ಟ. ಸುಳ್ಳು ಹೇಳಲು ಬಾರದ ಮುಖ. “ನನ್ನ ಮಗಳಿಗೆ,” ಎಂದ. “ಅವಳಿಗೆ ಗೊತ್ತಿಲ್ಲ. ದೇವರಾಣೆ, ಅವಳಿಗೆ ಇದ್ಯಾವುದೂ ಗೊತ್ತಿಲ್ಲ.”

“ನಿನಗೆ ಮಗಳಿದ್ದಾಳಾ?” ಗುನ್ವೊರ್ ಕುರ್ಚಿ ಹಿಡಿದುಕೊಂಡರು. “ಇಷ್ಟು ವರ್ಷ ಜೊತೆಗೆ ಕಾಫಿ ಕುಡಿದು ಒಂದು ಮಾತು ಹೇಳಲಿಲ್ಲವಲ್ಲೋ! ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ.”

ತಾಗೆ ಫೋನ್ ವ್ಯವಸ್ಥೆಯ ಪರದೆಯ ಚಿತ್ರ ತೆಗೆದು ಮಹಜರು ಬರೆದ. ಅನುಮತಿಯಿಲ್ಲದೆ ಕಂಪನಿಯ ವ್ಯವಸ್ಥೆಯನ್ನು ತಿದ್ದಿದ ಆರೋಪದ ಮೇಲೆ ಸ್ಟೆಲ್ಲನ್‌ನನ್ನು ಬಂಧಿಸಲಾಯಿತು. ಗುನ್ವೊರ್ ಅಂದೇ ಹಳೆಯ ಟೇಪನ್ನು ಹಾಕಿಸಿದರು. ಕಾಫಿ ಹೊತ್ತಿನಲ್ಲಿ ಸರದಿಯ ಮೇಲೆ ಒಬ್ಬರು ಫೋನಿನ ಬಳಿ ಕೂರಬೇಕೆಂದು ಗೊಣಗಾಟದ ನಡುವೆಯೇ ಕಟ್ಟಪ್ಪಣೆ ಮಾಡಿದರು. ಮರುದಿನ ಕಂಪನಿಯ ವ್ಯಾನುಗಳೆಲ್ಲ ರಸ್ತೆಯಲ್ಲಿದ್ದವು. ಯಾರನ್ನೂ ಮನೆಗೆ ಕಳಿಸುವುದಿಲ್ಲವೆಂದು ಹೇಳಲು ಗುನ್ವೊರ್ ಠಾಣೆಗೇ ಫೋನ್ ಮಾಡಿದ್ದರು.

ಅದೇ ಸಂಜೆ ಇಲ್ವಾ ಸ್ಟೆಲ್ಲನ್‌ನ ಹೇಳಿಕೆ ಮುಗಿಸಲು ಕೂತಳು.

“ಯಾಕೆ ಮಾಡಿದೆ?”

“ಅವಳು ನಡೆಯೋಕೆ ಕಲಿಯೋ ಮೊದಲೇ ನಾನು ಬಿಟ್ಟುಬಂದೆ. ಹುಟ್ಟುಹಬ್ಬಕ್ಕೆ ಒಂದು ಕಾರ್ಡು, ಅಷ್ಟೇ ನನ್ನ ಅಪ್ಪತನ. ಹೋದ ವರ್ಷ ತಾನಾಗಿ ಹುಡುಕ್ಕೊಂಡು ಬಂದ್ಲು. ಕೆಲಸವಿಲ್ಲದೆ ವಾಪಸ್ ಹೋಗೋ ಮಾತಾಡ್ತಿದ್ಲು. ಹೇಗೂ ಯಾರೂ ಎತ್ತದ ಕರೆಗಳು ತಾನೆ ಅಂದ್ಕೊಂಡೆ. ಆಮೇಲೆ ಆಸೆ ಹೆಚ್ಚಾಯ್ತು, ಕಾಫಿ ಹೊತ್ತು ಬೆಳೀಲಿ ಅಂತ ಬನ್ ತರೋಕೆ ಶುರು ಮಾಡಿದೆ.” ಅವನು ಮುಖ ಮುಚ್ಚಿಕೊಂಡ. “ಸಂಜೆ ಫೋನ್ ಮಾಡಿ, ‘ಅಪ್ಪಾ, ಇವತ್ತೂ ಕರೆದ್ರು, ಜನಕ್ಕೆ ನಾನು ಬೇಕು’ ಅಂತಿದ್ಲು. ಆ ಮಾತು ಕೇಳೋಕೆ ಜೀವ ಕೊಡ್ತಿದ್ದೆ.”

ಇಲ್ವಾ ಪೆನ್ನು ಕೆಳಗಿಟ್ಟಳು. “ಮಧ್ಯಾಹ್ನ ಬಂದಿದ್ದಳು.”

“ಬೈದಳಾ?”

“ಚೆನ್ನಾಗಿ ಬೈದಳು. ಆಮೇಲೆ ಅತ್ತಳು. ನಿನ್ನೆಯಿಂದ ನಿಮ್ಮ ಕಂಪನಿಯ ಒಂದು ಕರೆಯೂ ಅವಳಿಗೆ ಹೋಗಿಲ್ಲ.”

“ಗೊತ್ತು. ವಾಪಸ್ ಹೋಗ್ತಾಳೆ ಈಗ.”

“ನನ್ನ ಮುಂದೆ ಕೂತಿದ್ದಾಗಲೇ ಅವಳ ಫೋನು ಎರಡು ಸಲ ಹೊಡ್ಕೊಳ್ತು. ರಿಪೇರಿ ಮಾಡಿಸಿಕೊಂಡವರು ಪಕ್ಕದ ಮನೆಯವರಿಗೆ ಹೇಳಿದ್ದಾರಂತೆ.”

ಸ್ಟೆಲ್ಲನ್ ಕೈ ತೆಗೆದು ನೋಡಿದ. “ಹೀಟರ್ ರಿಪೇರಿಯೋರು ಬೇಕು ಅಂತ ಕೇಳಿದ್ರಾ?”

“ಇಲ್ಲ. ತೂವಾ ಬೇಕು ಅಂತ ಕೇಳಿದ್ರು.”