ಬಾಗದ ಗೆರೆ

ಗ್ರಂಥಾಲಯದ ಹೊಸ ಗ್ಯಾಲರಿ ಕುಸಿದ ವಿಷಯ ತಿಳಿದದ್ದು ಬೆಳಿಗ್ಗೆ, ಕಸ ಗುಡಿಸುವವಳು ಬಾಗಿಲು ತೆರೆದಾಗ. ಅದರಡಿ ಕಾವಲುಗಾರನ ಹೆಣ. ಅಪರಾಧಿಯನ್ನು ಗೊತ್ತುಮಾಡಲು ಇನ್‌ಸ್ಪೆಕ್ಟರಿಗೆ ಟೀ ಆರುವಷ್ಟು ಹೊತ್ತೂ ಬೇಕಾಗಲಿಲ್ಲ—ಮೇಸ್ತ್ರಿ! ಕಬ್ಬಿಣ ಕದ್ದಿರುತ್ತಾನೆ, ಇನ್ನೇನು? ಇಂಥ ಬುದ್ಧಿವಂತರಿಗೆ ಸಂಬಳ ಬೇರೆ.

ನನ್ನ ಅತ್ತೆ ಕಟ್ಟಡಗಳ ಬಲ ಪರೀಕ್ಷಿಸುತ್ತಲೇ ಕೂದಲು ಹಣ್ಣಾದವರು; ಗ್ರಂಥಾಲಯದವರು ಕರೆಸಿದ್ದಕ್ಕೆ ನನ್ನನ್ನೂ ಎಳೆದುಕೊಂಡು ಬಂದಿದ್ದರು. ಮುರಿದ ತೊಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಸರಳುಗಳನ್ನು ಎಣಿಸಿದರು.

"ಅಳಿಯಂದಿರೇ, ನಕ್ಷೆಯಲ್ಲಿ ಇರೋಷ್ಟೂ ಇದೆ."

"ಸಿಮೆಂಟ್ ಕದ್ದಿರ್ತಾನೆ ಬಿಡಿ," ಎಂದ ಇನ್‌ಸ್ಪೆಕ್ಟರ್. ಅತ್ತೆ ಕಾಂಕ್ರೀಟಿಗೆ ಸುತ್ತಿಗೆಯಿಂದ ಬಡಿದು ನೋಡಿ, "ಅದೂ ಗಟ್ಟಿಯಾಗೇ ಇದೆ," ಎಂದರು.

ಕೈಕೋಳದಲ್ಲಿ ನಿಂತಿದ್ದ ಮೇಸ್ತ್ರಿ ಬಿಕ್ಕಿದ. "ಸತ್ತೋನು ನನ್ನ ತಂಗಿ ಗಂಡ, ಅಮ್ಮಾ. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾಳೆ, ನಾನೇ ಕೊಂದೆ ಅಂತ ನನ್ನ ಮುಖ ನೋಡ್ತಿಲ್ಲ."

ವಿನ್ಯಾಸ ಮಾಡಿದ ಎಂಜಿನಿಯರ್ ಸೆಂಟು ಘಮಘಮಿಸುತ್ತ ಲ್ಯಾಪ್‌ಟಾಪ್ ತೆರೆದ. "ಮರಳು ಮೂಟೆ ಹೇರಿ ನಾನೇ ಪರೀಕ್ಷೆ ಮಾಡಿದ್ದೆ ಮೇಡಂ. ಭಾರ ಏರಿದ ಹಾಗೆ ತೊಲೆ ಎಷ್ಟು ತಗ್ಗಿತು ಅನ್ನೋದು ಈ ಗೆರೆ."

ಅಡಿಪಟ್ಟಿ ಇಟ್ಟು ಎಳೆದಂಥ ಗೆರೆ.

"ಬಿರುಕು ಬಂತಾ?"

"ಅರ್ಧ ಭಾರಕ್ಕೇ ಬಂತು, ಕೂದಲೆಳೆಯಷ್ಟು. ಕಾಂಕ್ರೀಟಿಗೆ ಅದು ಸಹಜ ಅಲ್ವಾ?" ಎಳೆ ಮಕ್ಕಳಿಗೆ ಪಾಠ ಹೇಳುವ ದನಿ.

"ಕಣ್ಣಾರೆ ಕಂಡ್ರಾ?"

"ಕಣ್ಣಾರೆ!"

ಅತ್ತೆ ಕನ್ನಡಕ ತೆಗೆದರು. ಇನ್ನು ಈತನ ಗ್ರಹಚಾರ ಬಿಡಿಸುತ್ತಾರೆಂದು ನನಗೆ ಖಾತ್ರಿಯಾಯಿತು. ಖುಷಿಯೂ ಆಯಿತು.

"ಇನ್‌ಸ್ಪೆಕ್ಟ್ರೇ, ಈ ಗೆರೆ ಎಲ್ಲರೂ ನೋಡಿದ್ರಿ, ಯಾರಿಗೂ ಹೊಳೀಲಿಲ್ಲ. ಬಿರುಕು ಬಿಟ್ಟ ಜಾಗದಲ್ಲಿ ಕಾಂಕ್ರೀಟ್ ಎಳೆತ ತಡೆಯಲ್ಲ, ಎಲ್ಲಾ ಕಬ್ಬಿಣದ ತಲೆಗೆ ಬರುತ್ತೆ. ಅಲ್ಲಿಂದಾಚೆ ತೊಲೆ ಮೆತ್ತಗಾಗಿ, ಅಷ್ಟೇ ಭಾರಕ್ಕೆ ಜಾಸ್ತಿ ತಗ್ಗುತ್ತೆ—ಗೆರೆ ಬಾಗಲೇಬೇಕು. ಇದು ಬಾಗೇ ಇಲ್ಲ! ಬಿರುಕೇ ಬಿಡದ ತೊಲೆ ಅಂತ ಕಂಪ್ಯೂಟರಿಗೆ ಹೇಳಿ ತೆಗೆದ ಗೆರೆ ಇದು. ಅದೇ ಲೆಕ್ಕ ನಂಬಿ ಇವನು ನಕ್ಷೆಯಲ್ಲೇ ಕಬ್ಬಿಣ ಕಮ್ಮಿ ಹಾಕಿದ್ದಾನೆ. ಪರೀಕ್ಷೆ ಮಾಡಿದ್ರೆ ಗೊತ್ತಾಗ್ತಿತ್ತು. ಒಂದು ಮೂಟೆ ಮರಳಾದ್ರೂ ಹೇರಿದ್ಯೇನಯ್ಯಾ?"

ಎಂಜಿನಿಯರನ ಮುಖ ಇಂಗು ತಿಂದ ಮಂಗನಂತಾಯಿತು. "ಉದ್ಘಾಟನೆಗೆ... ಟೈಮ್ ಇರಲಿಲ್ಲ."

ಇನ್‌ಸ್ಪೆಕ್ಟರ್ ಮೇಸ್ತ್ರಿಯ ಕೈಕೋಳ ಬಿಚ್ಚಿ ಎಂಜಿನಿಯರಿಗೆ ತೊಡಿಸಿದ, ತಾನೇ ಪತ್ತೆ ಮಾಡಿದವನ ಗತ್ತಿನಲ್ಲಿ. ನಾಚಿಕೆ ಅನ್ನುವುದು ಆ ಇಲಾಖೆಗೆ ಮಂಜೂರಾಗಿಲ್ಲ.

"ಅಮ್ಮಾ, ನನ್ನ ತಂಗಿಗೆ ನೀವೇ ಒಂದು ಮಾತು ಹೇಳಿ," ಎಂದ ಮೇಸ್ತ್ರಿ.

"ನಾನ್ಯಾಕೆ?" ಅತ್ತೆ ಎಂಜಿನಿಯರನ ಭುಜ ಹಿಡಿದು, ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ಹೆಂಗಸಿನ ಕಡೆ ತಿರುಗಿಸಿದರು. "ಇವನು ಹೇಳ್ತಾನೆ. ಟೈಮ್ ಇರಲಿಲ್ಲ ಅಂತ."