ಅವಳ ತಪ್ಪನ್ಯಾಕೆ ತಿದ್ದಲಿಲ್ಲ?

"ಆ ಕಾಮಾ ಮನುಷ್ಯ ನೀವೇನಾ?"

ಶುವಾಯಿ ಮರದ ಸೌಟನ್ನು ಎತ್ತಿ ಹಿಡಿದೇ ಕೇಳಿದಳು. ಆಗ ತಾನೇ ಬೀಸಿದ ದೋವಿ, ಅಂದರೆ ಕಡಲೆಕಾಯಿ ಬೆಣ್ಣೆ, ಸೌಟಿನಿಂದ ದಪ್ಪಗೆ ಇಳಿಯುತ್ತಿತ್ತು. ಹುರಿದ ಕಡಲೆಕಾಯಿಯ ಘಮ ಅಂಗಡಿ ತುಂಬ ಹರಡಿತ್ತು.

ಬಾಗಿಲಲ್ಲಿ ನಿಂತವನು ಖಾಲಿ ಜಾಡಿಯನ್ನು ಎದೆಗೆ ಅವಚಿಕೊಂಡ.

"ಹೌದು... ನಾನೇ. ಮುಫಾರೊ."

ಆ ದನಿ! ದಿನಾ ಮಧ್ಯಾಹ್ನ ರೇಡಿಯೋದಲ್ಲಿ ವಾರ್ತೆ ಓದುವ ದನಿ. ನಮ್ಮ ಮುಟಾರೆ ಊರಿನಲ್ಲಿ ಆ ದನಿ ಕೇಳದ ಅಡುಗೆಮನೆಯೇ ಇಲ್ಲ. ಶುವಾಯಿಯ ಎದೆ ಧಸಕ್ಕೆಂದಿತು. 'ಇದು ಸಿಟ್ಟು, ಬೇರೇನೂ ಅಲ್ಲ' ಎಂದು ತನಗೆ ತಾನೇ ಹೇಳಿಕೊಂಡಳು.

ಸಿಟ್ಟಿಗೆ ಕಾರಣವೂ ಇತ್ತು. ಹಿಂದಿನ ದಿನ ಅವಳು ಡಂಗಮ್ವುರಾ ಬಡಾವಣೆಯ ಫೇಸ್‌ಬುಕ್ ಗುಂಪಿನಲ್ಲಿ ಬರೆದಿದ್ದಳು: 'ಹೊಸ ದೋವಿ ಬೀಸಿದೀನಿ ಇನ್ನೂ ಬಿಸಿ ಇದೆ ಬೇಗ ಬನ್ನಿ ಮಕ್ಕಳನ್ನ ಕಳಿಸಿ ಜಾಡಿ ತನ್ನಿ ಮುಗಿದ್ರೆ ನನ್ನ ಕೇಳಬೇಡಿ'. ಅದರ ಕೆಳಗೇ ಇವನು ಕಾಮಾ, ಫುಲ್‌ಸ್ಟಾಪ್ ಹಾಕಿ ಎಲ್ಲವನ್ನೂ ತಿದ್ದಿ ಬರೆದು, 'ನಡುವೆ ಉಸಿರಾಡಲು ಬಿಡಿ, ಓದುವವರು ಸತ್ತಾರು' ಎಂದು ಒಂದು ಸಾಲು ಬೇರೆ ಸೇರಿಸಿದ್ದ. ಇಡೀ ಬಡಾವಣೆ ಬಿದ್ದು ಬಿದ್ದು ನಕ್ಕಿತ್ತು!

"ಫೇಸ್‌ಬುಕ್ ಏನು ಪರೀಕ್ಷೆ ಕೊಠಡೀನಾ? ನಾನು ದೋವಿ ಮಾರ್ತೀನಿ ಸ್ವಾಮಿ, ಕಾಮಾ ಮಾರಲ್ಲ!"

"ನೀವು ಬರೆದಿದ್ದನ್ನ ನಾನು ವಾರ್ತೇಲಿ ಓದಿದ್ರೆ ಮೈಕ್ ಮುಂದೇನೇ ಬಿದ್ದುಬಿಡ್ತಿದ್ದೆ. ಒಂದು ಉಸಿರಿಗೂ ಜಾಗ ಇಲ್ಲ."

"ಹಂಗಾದ್ರೆ ಓದಬೇಡಿ!"

"ಓದದೆ ಇರೋಕೆ ಆಗ್ಲಿಲ್ಲ..." ಅವನು ಜಾಡಿಯನ್ನು ಮೆಲ್ಲಗೆ ಮುಂದೆ ನೀಡಿದ. "ಮತ್ತೆ ಮತ್ತೆ ಓದಿದೆ."

ಶುವಾಯಿ ಜಾಡಿ ಕಿತ್ತುಕೊಂಡು ದೋವಿ ತುಂಬತೊಡಗಿದಳು.

"ನಿಮ್ಮ ಕುಲದ ಬೆಡಗು ಯಾವುದು?" ಅವನು ಕೇಳಿದ.

"ಜಿಂಕೆ."

"ಓಹೋ, ಚಿಹೆರಾ! ಅದಕ್ಕೇ..."

ಜಿಂಕೆ ಬೆಡಗಿನ ಹೆಣ್ಣುಮಕ್ಕಳನ್ನು ನಮ್ಮಲ್ಲಿ ಗೌರವದಿಂದ ಚಿಹೆರಾ ಎಂದೇ ಕರೆಯುವುದು. ಬಾಯಿ ಜೋರು ಎಂಬ ಅಪವಾದವೂ ಆ ಹೆಸರಿನ ಜೊತೆಗೇ ಬರುತ್ತದೆ. ಅಪವಾದ ಅಂತ ನಾನು ಹೇಳಿದೆ ಅಷ್ಟೇ, ಕಂಡವರು ಬೇರೆ ಹೇಳುತ್ತಾರೆ.

"ನಿಮ್ಮದು?"

"ಕೋತಿ."

ಶುವಾಯಿಗೆ ನಗು ತಡೆಯಲಾಗಲಿಲ್ಲ. "ಅದಕ್ಕೇ! ಕಂಡೋರ ಸಾಲಿಗೆಲ್ಲ ಕೈ ಹಾಕೋದು!"

ಅವನೂ ನಕ್ಕ. ಒಂದೇ ಬೆಡಗಾಗಿದ್ದರೆ ಅಣ್ಣ ತಂಗಿ ಎಂಬ ಲೆಕ್ಕ. ಸದ್ಯ, ಬೇರೆ ಬೇರೆ... ಎಂದು ಅವಳ ಮನಸ್ಸು ಯಾಕೋ ನಿಟ್ಟುಸಿರು ಬಿಟ್ಟಿತು.

ಅಂದಿನಿಂದ ಗುಂಪಿನಲ್ಲಿ ದಿನಾ ಜಗಳ. ಅವಳು ಬೇಕಂತಲೇ ತಪ್ಪು ಬರೆಯುವಳು. ಅವನು ತಿದ್ದುವನು. 'ಚಿಹೆರಾ, ಈ ಎರಡು ಪದಗಳನ್ನು ಸೇರಿಸಿ ಬರೆಯಬೇಕು' ಎಂದು ಅವನು. 'ಕೋತಿರಾಯ, ನಿನ್ನ ಬಾಲ ಸೇರಿಸಿಕೋ' ಎಂದು ಅವಳು. ಜನ ಎರಡು ಪಾಳಯ ಆದರು. ಫುಲ್‌ಸ್ಟಾಪ್ ಹಾಕಿದರೆ ಮುಖ ಊದಿಸಿಕೊಂಡ ಹಾಗೆ ಕಾಣುತ್ತದೆ ಎಂದು ಒಬ್ಬರು. ಶೋನಾ ಭಾಷೆಯನ್ನು ಮೊಬೈಲೇ ಕೊಂದಿತು ಎಂದು ಇನ್ನೊಬ್ಬರು. ಜಗಳ ನೋಡಲು ಬಂದವರೆಲ್ಲ ದೋವಿ ಕೊಂಡರು!

ಶನಿವಾರ ಬಂತೆಂದರೆ ಮುಫಾರೊ ಖಾಲಿ ಜಾಡಿ ಹಿಡಿದು ಹಾಜರು. ಒಬ್ಬ ಗಂಡಸು ವಾರಕ್ಕೆ ಅಷ್ಟು ದೋವಿ ತಿನ್ನಲು ಸಾಧ್ಯವೇ ಇಲ್ಲ. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. 'ನೀವು' ಹೋಗಿ ಯಾವಾಗಲೋ 'ನೀನು' ಬಂದಿತ್ತು. ಆದರೆ ಹೇಳಬೇಕಾದ ಒಂದು ಮಾತನ್ನು ಮಾತ್ರ ಅವನು ಹೇಳಿರಲಿಲ್ಲ.

'ಹೇಳ್ತಾನೆ... ಇವತ್ತಲ್ಲ ನಾಳೆ ಹೇಳ್ತಾನೆ' ಎಂದು ಅವಳು ಕಾದಳು.

ಅಷ್ಟರಲ್ಲಿ ಗುಂಪಿಗೆ ಆ ಹೆಂಗಸು ಬಂದಳು.

ಹೆಸರು ಬರೀ 'ಚಿಹೆರಾ'. ಮುಖದ ಜಾಗದಲ್ಲಿ ಒಂದು ಕೆಂಪು ಹೂವು. ಬಂದವಳೇ ಬರೆದಳು: 'ಎಲ್ಲರಿಗು ನಮಸ್ಕರ ನಾನು ಹೊಸಬಳು ಟಮಟೆ ಇದೆ ಬೇಕಾದರೆ ಹೇಳಿ ಇಲ್ಲಿ ತಿದ್ದೊ ಹುಡುಗ ಯಾರು ಪೋಟೊ ನೋಡಿದೆ ಲಕ್ಷಣವಗಿ ಇದಾನೆ'.

ಗುಂಪೆಲ್ಲ ಉಸಿರು ಬಿಗಿಹಿಡಿದು ಕಾಯಿತು. ಶುವಾಯಿಯೂ ಕಾದಳು. 'ಬರ್ತಾನೆ ಈಗ. ಇವಳ ಚರ್ಮ ಸುಲೀತಾನೆ!'

ಮುಫಾರೊ ಬಂದ. ಬರೆದ: 'ಸ್ವಾಗತ, ಚಿಹೆರಾ. ನೀವು ಬಂದದ್ದು ನಮ್ಮ ಭಾಗ್ಯ.'

ಅಷ್ಟೇ! ಒಂದು ಕಾಮಾ ತಿದ್ದಲಿಲ್ಲ. ಒಂದು ಅಕ್ಷರ ಮುಟ್ಟಲಿಲ್ಲ.

ಶುವಾಯಿ ಫೋನನ್ನು ದಿಟ್ಟಿಸಿದಳು. ಭಾಗ್ಯವಂತೆ! ನನಗೆ 'ನೀನು', ಅವಳಿಗೆ 'ನೀವು'! ಅದೂ ಚಿಹೆರಾ ಅಂತ... ನನ್ನನ್ನ ಕರೀತಿದ್ದ ಹೆಸರಲ್ಲಿ! ಊರಲ್ಲಿ ಜಿಂಕೆ ಬೆಡಗಿನ ಹೆಂಗಸರು ಬೇಕಾದಷ್ಟಿದ್ದಾರೆ, ಆ ಹೆಸರು ಎಲ್ಲರದೂ ಹೌದು ಎಂದು ಅವಳ ಬುದ್ಧಿ ಹೇಳಿತು. ಹೊಟ್ಟೆಯಲ್ಲಿ ಹತ್ತಿದ ಉರಿ ಬುದ್ಧಿಯ ಮಾತು ಕೇಳಲಿಲ್ಲ.

ಇನ್ನೊಂದು ಬದಲಾವಣೆಯೂ ಆಯಿತು. ಅವನು ಶುವಾಯಿಯನ್ನು ತಿದ್ದುವುದನ್ನು ನಿಲ್ಲಿಸಿಬಿಟ್ಟ.

ಅವಳು ಅವನ ಹೆಸರನ್ನೂ ತಪ್ಪು ಬರೆದಳು. ಆಗಲೂ ತಿದ್ದಲಿಲ್ಲ. ಒಂದೇ ಸಾಲಿನಲ್ಲಿ ಎಷ್ಟು ತಪ್ಪು ತುರುಕಬಹುದೋ ಅಷ್ಟೂ ತುರುಕಿದಳು. ಅವನು ಒಂದು ಹೆಬ್ಬೆರಳು ಒತ್ತಿ ಹೋದ. ಬರೀ ಒಂದು ಹೆಬ್ಬೆರಳು!

"ನಿನ್ನ ರೇಡಿಯೋ ಬೇರೆ ಮನೇಲಿ ಹಾಡ್ತಾ ಇದೆ ಕಣೇ," ಪಕ್ಕದ ಅಂಗಡಿಯ ಮಾಯ್ ಫಂಗಾಯಿ ಕಿಚಾಯಿಸಿದಳು.

"ಹಾಡ್ಲಿ ಬಿಡಿ! ನಂಗೇನು?" ಎಂದಳು ಶುವಾಯಿ. ಅಂದು ಅವಳು ಹುರಿದ ಕಡಲೆಕಾಯಿ ಸೀದುಹೋಯಿತು.

ಶನಿವಾರ ಅವನು ಬಂದ. ಜಾಡಿ ಕೊಟ್ಟ. ಫೋನು ಕಿಣಿ ಎಂದಿತು. ನೋಡಿದವನ ಮುಖದಲ್ಲಿ ನಗು ಅರಳಿತು.

"ಯಾರು?"

"ಯಾ... ಯಾರೂ ಇಲ್ಲ."

"ಯಾರೂ ಇಲ್ದೇ ಯಾರಾದ್ರೂ ಹಲ್ಲು ಕಿರೀತಾರಾ?"

"ಸ್ವಲ್ಪ ದಿನ ತಾಳು ಶುವಾಯಿ. ಎಲ್ಲ ಹೇಳ್ತೀನಿ."

ಸ್ವಲ್ಪ ದಿನ! ಏನು ಹೇಳಲಿಕ್ಕೆ? ಮದುವೆಗೆ ಬಾ ಅಂತಲಾ? ಅವಳು ಅರ್ಧ ತುಂಬಿದ ಜಾಡಿಯನ್ನೇ ಅವನ ಕೈಗೆ ಕುಕ್ಕಿದಳು.

ಆ ಸಂಜೆ ಕೆಂಪು ಹೂವಿನವಳು ಬರೆದಳು: 'ಮುಫರೊ ಒಳ್ಳೆ ಹುಡುಗ ಇವನ ಕೈ ಹಿಡಿಯೊಳು ಪುಣ್ಯ ಮಾಡಿದಳು'. ಅದಕ್ಕೆ ಮುಫಾರೊ, 'ಎಲ್ಲ ನಿಮ್ಮ ಕೈಯಲ್ಲಿದೆ, ಚಿಹೆರಾ' ಎಂದ.

ಶುವಾಯಿಯ ಕಣ್ಣು ಕತ್ತಲಿಟ್ಟಿತು. ಬೆರಳು ತಾನಾಗಿ ಓಡಿತು:

'ಚಿಹೆರಾ ಎಂದು ಹೆಸರಿಟ್ಟುಕೊಂಡವಳೇ, ಮೊದಲು ಅಕ್ಷರ ಕಲಿ. ಇಲ್ಲಿ ಕಾಮಾ ಬೇಕು. ಇಲ್ಲಿ ಫುಲ್‌ಸ್ಟಾಪ್ ಬೇಕು. ನೀನು ಟೊಮೇಟೊ ಮಾರಲು ಬಂದೆಯೋ, ಗಂಡಸರನ್ನು ಹಿಡಿಯಲು ಬಂದೆಯೋ? ನಮ್ಮ ಬೆಡಗಿಗೇ ನಾಚಿಕೆಗೇಡು!'

ಅವಳು ಜನ್ಮದಲ್ಲೇ ಅಷ್ಟು ಶುದ್ಧವಾಗಿ ಬರೆದಿರಲಿಲ್ಲ. ಗುಂಪಿನಲ್ಲಿ ನಗುವ ಮುಖಗಳು ಸಾಲುಗಟ್ಟಿದವು. ಕೂಡಲೇ ಫೋನು ಬಡಿದುಕೊಂಡಿತು. ಮುಫಾರೊ.

"ಶುವಾಯಿ, ಅದನ್ನ ಈಗ್ಲೇ ತೆಗಿ! ದಯವಿಟ್ಟು!"

"ಯಾಕೆ? ತಪ್ಪಿದ್ಯಾ? ಕಾಮಾ ಎಲ್ಲ ಸರಿಯಾಗೇ ಹಾಕಿದೀನಲ್ಲ!"

"ಅಯ್ಯೋ, ಕಾಮಾ ಹಾಳಾಗಿ ಹೋಗ್ಲಿ! ಅವರು ಯಾರು ಅಂತ ನಿಂಗೊತ್ತಿಲ್ಲ..."

"ನಿಂಗೆ ಚೆನ್ನಾಗಿ ಗೊತ್ತಲ್ಲ! ಹೇಳು, ಯಾರವಳು?"

"ಹೇಳೋ ಹಾಗಿಲ್ಲ. ಮಾತು ಕೊಟ್ಟಿದೀನಿ."

"ಅವಳಿಗೆ ಮಾತೂ ಕೊಟ್ಟಾಯ್ತಾ?"

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

"ಇಲ್ಲ! ಇನ್ಮೇಲೆ ನನ್ನ ಅಂಗಡಿ ಮೆಟ್ಲು ಹತ್ತಬೇಡ!"

ಫೋನು ಕಟ್ಟಾಯಿತು. ಶುವಾಯಿ ದಿಂಬಿಗೆ ಮುಖ ಒತ್ತಿ ಅತ್ತಳು. ಗೆದ್ದವರು ಹೀಗೆ ಅಳುವುದುಂಟೇ?

ಬೆಳಿಗ್ಗೆ ಅಂಗಡಿ ತೆರೆಯುತ್ತಿದ್ದಂತೆ ರುಸಾಪೆ ಊರಿನಿಂದ ಬರುವ ವ್ಯಾನು ಎದುರಿಗೇ ನಿಂತಿತು. ಇಳಿದವರು ತೆತೆ ಮಾಯ್‌ಡೇಯಿ!

ತೆತೆ ಅಂದರೆ ಸೋದರತ್ತೆ, ಅಪ್ಪನ ಒಡಹುಟ್ಟಿದವಳು. ನಮ್ಮಲ್ಲಿ ಹೆಣ್ಣುಮಗಳ ಮದುವೆಯ ಮಾತು ಮೊದಲು ಬೀಳುವುದು ತೆತೆಯ ಕಿವಿಗೆ. ಅವಳು ಒಲ್ಲೆ ಎಂದರೆ ಹೆತ್ತ ಅಪ್ಪನೂ ಸುಮ್ಮನಾಗುತ್ತಾನೆ. ಶುವಾಯಿ ಮಂಡಿಯೂರಿ, ಬೊಗಸೆಗೈಯಿಂದ ಮೆಲ್ಲಗೆ ಚಪ್ಪಾಳೆ ತಟ್ಟಿ ನಮಸ್ಕರಿಸಿದಳು.

ತೆತೆ ನಗಲಿಲ್ಲ. ಸೀರೆಯಂತೆ ಸುತ್ತಿದ್ದ ಬಟ್ಟೆಯ ಮಡಿಕೆಯಿಂದ ಹೊಚ್ಚಹೊಸ ಫೋನು ತೆಗೆದರು.

"ಓದು ಇದನ್ನ. ಗಟ್ಟಿಯಾಗಿ. ಕಾಮಾ ಬಂದಲ್ಲಿ ನಿಂತು ಓದು."

"ಚಿಹೆರಾ ಎಂದು ಹೆಸರಿಟ್ಟು..." ಶುವಾಯಿಯ ನಾಲಿಗೆ ತಡವರಿಸಿತು. "ತೆತೆ, ಇದು ನಿಮ್ಮ ಫೋನಲ್ಲಿ ಹೇಗೆ..."

ಆಗ ಕಂಡಿತು. ಮೂಲೆಯಲ್ಲಿ ಒಂದು ಕೆಂಪು ಹೂವು.

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಏಳಲೂ ಆಗಲಿಲ್ಲ, ತಲೆ ಎತ್ತಲೂ ಆಗಲಿಲ್ಲ.

"ಆ ಹುಡುಗ ರುಸಾಪೆಗೆ ಬಂದು ನನ್ನ ಬಾಗಿಲಲ್ಲಿ ನೆಲದ ಮೇಲೆ ಕೂತ. 'ನಿಮ್ಮ ಹುಡುಗಿ ಬೇಕು, ಮೊದಲು ನಿಮ್ಮನ್ನೇ ಕೇಳ್ತಿದೀನಿ' ಅಂದ. ನಾನೇ ಹೇಳ್ದೆ, 'ಅವಳ ಹತ್ರ ಬಾಯಿ ಬಿಡಬೇಡ, ನಾನು ನೋಡಿ ಹೇಳ್ತೀನಿ' ಅಂತ. ನೋಡೋಕೇ ಆ ಗುಂಪಿಗೆ ಬಂದಿದ್ದು."

"ನನ್ನನ್ನ ತಿದ್ದೋದು... ಯಾಕೆ ಬಿಟ್ಟ ತೆತೆ?"

"ನಾನು ಹೇಳಿದ್ದಕ್ಕೆ! ನಾಲ್ಕು ಜನರ ಮುಂದೆ ತಿದ್ದೋ ಗಂಡಿಗೆ ನಮ್ಮ ಹುಡುಗೀನ ಕೊಡಲ್ಲ ಅಂದೆ. ಮಾತು ಉಳಿಸ್ಕೊಂಡ."

"ನಿಮ್ಮನ್ನ ತಿದ್ದಲಿಲ್ಲ ಅಂತ ನಾನು..."

"ಹೆಣ್ಣು ಕೊಡೋ ತೆತೆಯ ಕಾಮಾ ತಿದ್ದೋ ಅಳಿಯ ಭೂಮಿ ಮೇಲೆ ಎಲ್ಲಿದಾನೇ?" ತೆತೆಯ ದನಿ ಏರಿತು. "ಅವನು ಹಲ್ಲು ಕಚ್ಚಿಕೊಂಡು ಸಹಿಸ್ಕೊಂಡ, ಪಾಪ! ನಾನು ಫುಲ್‌ಸ್ಟಾಪ್ ಹಾಕಲ್ಲ, ಯಾಕಂದ್ರೆ ನನ್ನ ಮಾತು ಮುಗಿದಿರೋದೇ ಇಲ್ಲ. ಅಕ್ಷರ ಬರಲ್ಲ ಅಂದೆಯಲ್ಲ, ಅದಕ್ಕೆ ಬೇಜಾರಿಲ್ಲ ನಂಗೆ. ಗಂಡಸರನ್ನ ಹಿಡಿಯೋಕೆ ಬಂದೋಳು ಅಂದೆ ನೋಡು..." ಅವರು ಫೋನನ್ನು ಅವಳ ಕೈಯಿಂದ ಕಿತ್ತುಕೊಂಡರು. "ಹುಡುಗ ಪಾಸು ಕಣೇ. ನಮ್ಮ ಮನೆ ಹುಡುಗಿ ಫೇಲು."

ಶುವಾಯಿ ಅವರ ಪಾದದ ಬಳಿ ಬಿಕ್ಕಿ ಬಿಕ್ಕಿ ಅತ್ತಳು.

"ಅಳು ನಂಗೆ ಬೇಡ. ಎಲ್ಲರ ಮುಂದೆ ಬೈದೆ, ಎಲ್ಲರ ಮುಂದೇ ಕ್ಷಮೆ ಕೇಳು."

ಅವಳು ಕೂಡಲೇ ಬರೆದಳು: 'ಕೆಂಪು ಹೂವಿನ ಚಿಹೆರಾ ನನ್ನ ಸ್ವಂತ ತೆತೆ ನಾನು ಹೊಟ್ಟೆಕಿಚ್ಚಿನಿಂದ ಬೈದೆ ತಪ್ಪು ನನ್ನದೇ ಕ್ಷಮಿಸಿ'. ತೆತೆ ಅದನ್ನು ಓದಿ, ಅವಳ ತಲೆಯ ಮೇಲೆ ಕೈಯಿಟ್ಟರು.

"ನನ್ನ ಕಡೆಯಿಂದ ಆಯ್ತು. ಇನ್ನು ಅವನು ಒಪ್ಪಬೇಕಲ್ಲ? ನೆನ್ನೆ ಫೋನ್ ಮಾಡಿ, 'ಅವಳಿಗೆ ನನ್ನ ಮೇಲೆ ನಂಬಿಕೆ ಇಲ್ಲ, ಬೇಡ ಬಿಡಿ ತೆತೆ' ಅಂದ. ಓಡು!"

ಶುವಾಯಿ ಓಡಿದಳು. ಒಲೆ ಮುಂದಿನ ಮಾಸಲು ಬಟ್ಟೆಯಲ್ಲೇ.

ರೇಡಿಯೋ ಕೇಂದ್ರದ ಗೇಟಿನ ಎದುರು, ಜಕರಂಡ ಮರದ ನೆರಳಲ್ಲಿ ಮಧ್ಯಾಹ್ನದವರೆಗೂ ಕಾದಳು. ಮಧ್ಯಾಹ್ನದ ವಾರ್ತೆ ಕಾವಲುಗಾರನ ಪುಟ್ಟ ರೇಡಿಯೋದಿಂದ ಕೇಳುತ್ತಿತ್ತು. ಎಂದೂ ತಪ್ಪದ ಆ ದನಿ ಇಂದು ಒಂದು ಕಡೆ ತಡವರಿಸಿತು. ಶುವಾಯಿ ಗೇಟಿನ ಹತ್ತಿರ ಸರಿದಳು. 'ನನ್ನಿಂದ... ಎಲ್ಲ ನನ್ನಿಂದ!'

ಮುಫಾರೊ ಹೊರಗೆ ಬಂದ. ಅವಳನ್ನು ಕಂಡು ನಿಂತ. ನಗಲಿಲ್ಲ.

"ತೆತೆ ಎಲ್ಲ ಹೇಳಿದ್ರು," ಎಂದಳು.

"ಹೇಳದೇ ಇದ್ರೂ ನೀನು ನಂಬಬೇಕಿತ್ತು."

"ಹೌದು... ನಂಬಬೇಕಿತ್ತು." ಅವಳು ಕಣ್ಣು ತಪ್ಪಿಸಲಿಲ್ಲ. "ಹೊಟ್ಟೆಕಿಚ್ಚು, ಮುಫಾರೊ. ಬೇರೆ ಹೆಸರಿಟ್ಟು ಹೇಳಲ್ಲ ನಾನು. ನೀನು ಬೇರೆಯವಳಿಗೆ ಚಿಹೆರಾ ಅಂದಾಗ ನನ್ನ ಕರುಳೇ ಸುಟ್ಟಿತು. ನೀನು ನನ್ನನ್ನ ಮರೆತೆ ಅಂತ ಹುಚ್ಚಿ ಥರ ಆಗಿಬಿಟ್ಟೆ. ನಿನ್ನನ್ನ ಅಷ್ಟು ಪ್ರೀತಿಸ್ತೀನಿ. ನಂಗೇ ಗೊತ್ತಿರಲಿಲ್ಲ."

ಅವನ ಬಿಗಿದ ಮುಖ ನಿಧಾನವಾಗಿ ಸಡಿಲಿತು.

"ನಾನೂ ಮೊದಲು ನಿಂಗೇ ಹೇಳಬೇಕಿತ್ತು," ಎಂದ. "ಧೈರ್ಯ ಇರಲಿಲ್ಲ. ಊರಿಗೆಲ್ಲ ವಾರ್ತೆ ಓದ್ತೀನಿ... ನಿನ್ನ ಮುಂದೆ ಒಂದು ಮಾತು ಹೊರಡಲ್ಲ. ನಿನ್ನನ್ನ ತಿದ್ದೋ ನೆಪದಲ್ಲಾದ್ರೂ ದಿನಾ ಮಾತಾಡಬಹುದಲ್ಲ ಅಂತಿದ್ದೆ. ತೆತೆ ತಿದ್ದಬೇಡ ಅಂದಾಗ ನನ್ನ ಬಾಯೇ ಹೊಲಿದ ಹಾಗಾಯ್ತು."

"ಈಗ ಹೇಳು ಮತ್ತೆ."

"ಮದುವೆ ಆಗ್ತೀಯಾ ನನ್ನನ್ನ?"

ಅವಳ ಕಣ್ಣೀರು ನಗುವಿನಲ್ಲಿ ಬೆರೆಯಿತು. "ಆಗ್ತೀನಿ. ಆದ್ರೆ ಒಂದು ಕರಾರು."

"ಏನು?"

"ನಾಲ್ಕು ಜನರ ಮುಂದೆ ತಿದ್ದಬೇಡ. ನಾವಿಬ್ಬರೇ ಇದ್ದಾಗ ತಿದ್ದು. ನೀನು ತಿದ್ದದೇ ಇದ್ದ ದಿನ ಊಟ ಸೇರಿಲ್ಲ ನಂಗೆ. ಮತ್ತೆ... ಬೇರೆ ಯಾವ ಹೆಂಗಸನ್ನೂ ತಿದ್ದಕೂಡದು! ಇಡೀ ಡಂಗಮ್ವುರಾ ತಪ್ಪು ಬರೀಲಿ, ನಿನ್ನ ಕಣ್ಣಿಗೆ ಕಾಣಬಾರದು."

ಅವನು ಅವಳ ದೋವಿ ಮೆತ್ತಿದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

"ಹುಚ್ಚಿ... ನಿನ್ನನ್ನ ನೋಡಿದ ಮೇಲೆ ಬೇರೆ ಯಾರ ತಪ್ಪು ನನ್ನ ಕಣ್ಣಿಗೆ ಕಂಡಿದೆ ಹೇಳು?"